ಸಮವಸ್ತ್ರ ಕಳಚಿಟ್ಟ ಮೇಲೆ

ಸೈನ್ಯದಿಂದ ನಿವೃತ್ತನಾಗುವ ಜವಾನನಿಗೆ ಸಾಮಾನ್ಯವಾಗಿ ನಲವತ್ತರ ಆಸುಪಾಸು ವಯಸ್ಸು. ಪೊಳ್ಳಾಚಿ, ಉಡುಮಲೆ, ಪಲ್ಲಡಂ ಕಡೆಯ ಹಳ್ಳಿಗೆ ಮರಳಿದವನು ತೆಂಗಿನ ತೋಟವನ್ನೋ ಕೋಳಿ ಸಾಕಣೆಯನ್ನೋ ನಂಬುತ್ತಾನೆ. ಇಲ್ಲವೇ ತಿರುಪ್ಪೂರಿನ ಬನಿಯನ್ ಕಂಪನಿಯಲ್ಲಿ ಕಾವಲಿಗೆ ನಿಲ್ಲುತ್ತಾನೆ. ಕೊಳವೆಬಾವಿ ಬತ್ತಿ, ಸಾಲ ಏರಿ, ರಾತ್ರಿ ನಿದ್ದೆ ಬಾರದಿದ್ದರೂ ಅವನು ಬಾಯಿ ಬಿಡುವುದಿಲ್ಲ. ನಾವೂ ಕೇಳುವುದಿಲ್ಲ. "ಮಿಲಿಟರಿಯವರಿಗೆ ಕೋಪ ಸಹಜ" ಎಂದು ಸುಮ್ಮನಾಗುತ್ತೇವೆ. ಕುಡಿತ ಹೆಚ್ಚಿದಾಗ ಹೆಂಡತಿಮಕ್ಕಳು ಮಾತ್ರ ನರಳುತ್ತಾರೆ.

ಸೌಲಭ್ಯಗಳೇ ಇಲ್ಲವೆಂದಲ್ಲ. ಮಾಜಿ ಸೈನಿಕರಿಗಾಗಿ ಕೇಂದ್ರ ಸರಕಾರ 2003ರಲ್ಲಿ ಆರಂಭಿಸಿದ ಆರೋಗ್ಯ ಯೋಜನೆಯ ಪಾಲಿಕ್ಲಿನಿಕ್ ಕೊಯಮತ್ತೂರಿನಲ್ಲಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ 1996ರಿಂದಲೂ ಇದೆ. ಸರಕಾರಿ ವ್ಯವಸ್ಥೆಯಲ್ಲಿ ಮನೋರೋಗಕ್ಕೆ ಚಿಕಿತ್ಸೆ ಪಡೆಯುವುದು ಪ್ರತಿಯೊಬ್ಬರ ಹಕ್ಕೆಂದು 2017ರ ಕಾಯಿದೆ ಹೇಳುತ್ತದೆ. ಆದರೆ ಒಂದು ಕೇಂದ್ರದ್ದು, ಇನ್ನೊಂದು ರಾಜ್ಯದ್ದು. ಪಿಂಚಣಿ, ಮಕ್ಕಳ ವಿದ್ಯಾರ್ಥಿವೇತನಗಳನ್ನು ನೋಡಿಕೊಳ್ಳುವ ಕಲ್ಯಾಣ ಕಚೇರಿ ಮತ್ತೊಂದು. ಮನಸ್ಸು ಕುಗ್ಗಿದವನು ಈ ಮೂರು ಬಾಗಿಲುಗಳನ್ನು ತಾನೇ ಹುಡುಕಿಕೊಂಡು ಹೋಗಲಾರ. ಇವನ್ನು ಜೋಡಿಸುವ ಹೊಣೆ ರಾಜ್ಯ ಸರಕಾರದ್ದೆಂಬುದು ನಮ್ಮ ಅಭಿಪ್ರಾಯ.

ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. 2021ರಲ್ಲಿ ಆರಂಭವಾದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯಡಿ ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಮಾತ್ರೆಗಳು ಮನೆ ಬಾಗಿಲಿಗೇ ಬರುತ್ತವೆ. ಮಾತ್ರೆ ತರುವ ಕಾರ್ಯಕರ್ತೆಗೆ ತರಬೇತಿ ಕೊಟ್ಟರೆ, ನಿದ್ದೆ ಹೇಗಿದೆ, ಕುಡಿತ ಹೆಚ್ಚಿದೆಯೇ ಎಂದೂ ವಿಚಾರಿಸಬಹುದು. ಕಲ್ಯಾಣ ಕಚೇರಿಯಲ್ಲಿ ತಿಂಗಳಿಗೊಂದು ದಿನ ಮನೋವೈದ್ಯರು ಕುಳಿತರೆ, ಪಿಂಚಣಿಯ ಕೆಲಸಕ್ಕೆ ಬಂದವನು ನಾಚಿಕೆಯಿಲ್ಲದೆ ಅವರನ್ನೂ ಕಂಡು ಹೋಗಬಹುದು. ಮನೆಮಾತು ಕನ್ನಡವಾದ ಕುಟುಂಬಗಳು ಇಲ್ಲಿ ಬಹಳ ಇವೆ. ಮನಸ್ಸಿನ ನೋವನ್ನು ಮನೆಮಾತಿನಲ್ಲಿ ಹೇಳುವ ಅವಕಾಶವೂ ಇರಲಿ.

ಸರಕಾರ ಮಾಡುವವರೆಗೆ ನಾವು ಕೈಕಟ್ಟಿ ಕೂರಬಾರದು. ಕೀಟನಾಶಕದ ಡಬ್ಬಿಯನ್ನು ಮಂಚದ ಕೆಳಗೋ ಅಡುಗೆಮನೆಯ ಅಟ್ಟದ ಮೇಲೋ ಇಡದೆ, ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ. ಕೀಲಿಕೈ ಬೇರೆಯವರ ಬಳಿ ಇರಲಿ. ದುಡುಕಿನ ಆ ಒಂದು ಗಳಿಗೆ ದಾಟಿದರೆ ಎಷ್ಟೋ ಜೀವಗಳು ಉಳಿಯುತ್ತವೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೆನ್ನದೆ ಉಚಿತವಾಗಿ ಕರೆ ಮಾಡಬಹುದು. ಕನ್ನಡ, ತಮಿಳು ಎರಡರಲ್ಲೂ ಮಾತನಾಡಬಹುದು.

ಡಿಸೆಂಬರ್ 7ರ ಧ್ವಜ ದಿನದಂದು ಡಬ್ಬಿಗೆ ಕಾಸು ಹಾಕುತ್ತೇವೆ. ಒಳ್ಳೆಯದೇ. ಆದರೆ ಪಕ್ಕದ ಮನೆಯ ಮಾಜಿ ಸೈನಿಕನ ಜಗಲಿಯಲ್ಲಿ ಅರ್ಧ ಗಂಟೆ ಕುಳಿತು, "ಹೇಗಿದ್ದೀಯಪ್ಪಾ?" ಎಂದು ಕೇಳಿ ಎಷ್ಟು ದಿನವಾಯಿತು?