ವೈರಸ್ ಗಾಳೀಲಿ ಬರಲ್ಲ ಸ್ವಾಮಿ!

ಯಲ್ದೂರಲ್ಲಿರೋ ಅಪ್ಪನ ವಾಟ್ಸ್ಆ್ಯಪ್‌ಗೆ ಮದುವೆ ಕರೆಯೋಲೆ ಬಂತು ಅಂತಿಟ್ಟುಕೊಳ್ಳಿ. ಫೈಲಿನ ಹೆಸರಿನ ಕೊನೆಗೆ ‘ಎಪಿಕೆ’ ಅಂತಿದೆ. ಅಂದರೆ ಅದು ಪತ್ರಿಕೆಯಲ್ಲ, ಆ್ಯಪ್. 2024ರಲ್ಲಿ ಪೊಲೀಸರು ಎಚ್ಚರಿಸಿದ ಮೋಸವೇ ಇದು. ಎಸ್ಸೆಮ್ಮೆಸ್ ಓದೋಕೆ ಅನುಮತಿ ಕೊಟ್ಟರೆ ಒಟಿಪಿ ಕಳ್ಳನ ಪಾಲು. ಆಮೇಲೆ ಅದೇ ಕರೆಯೋಲೆ ಅಪ್ಪನ ನಂಬರಿನಿಂದಲೇ ನೆಂಟರಿಗೆ ಹೋಗುತ್ತೆ. ಅಪ್ಪನೇ ಕಳಿಸಿದ್ದು ಅಂತ ಅವರೂ ಒತ್ತುತ್ತಾರೆ. ನಂಬಿಕೆಯೇ ಅದರ ವಾಹನ.

ಆಗ ಬೆಂಗಳೂರಿನ ಮಗರಾಯ ಹೇಳೋದೇನು? “ಹಳ್ಳಿಯೋರಿಗೆ ಬುದ್ಧಿಯಿಲ್ಲ.”

ಹೌದಾ? 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಬ್ರಿಟನ್ನಿನ ಆಸ್ಪತ್ರೆಗಳ ಕಂಪ್ಯೂಟರುಗಳನ್ನೇ ಮಲಗಿಸಿತು. ಯಾರೂ ಏನೂ ಒತ್ತಬೇಕಿರಲಿಲ್ಲ, ನೆಟ್‌ವರ್ಕಿನಲ್ಲಿ ತಾನೇ ಹರಿದಾಡಿತು. ಮೈಕ್ರೋಸಾಫ್ಟ್ ಮಾರ್ಚ್‌ನಲ್ಲೇ ಮದ್ದು ಕೊಟ್ಟಿತ್ತು. ಹಾಕಿಕೊಳ್ಳದೆ ಬಿಟ್ಟವರು ಓದಿದವರೇ. ದಿನಾ ಆಫೀಸಿನಲ್ಲಿ ಅಪ್‌ಡೇಟನ್ನು “ನಾಳೆ” ಅಂತ ತಳ್ಳೋರು ಯಾರು ಮತ್ತೆ?

ಇನ್ನು, ಅಪ್ಪನ ಫೋನಲ್ಲಿ ಹೊರಗಿನ ಆ್ಯಪ್‌ಗಳಿಗೆ ಅನುಮತಿ ಕೊಟ್ಟೋರು? ಪುಕ್ಕಟೆ ಸಿನಿಮಾ ಆ್ಯಪ್ ಹಾಕಿಕೊಡೋಕೆ ನೀವೇ ತಾನೇ? ಬಾಗಿಲು ತೆಗೆದಿಟ್ಟು ಬಂದು, ಕಳ್ಳ ನುಗ್ಗಿದ ಮೇಲೆ ಮನೆಯವರನ್ನ ಬೈದರೆ ಹೇಗೆ?

ಮಾವಿನ ಕಾಲಕ್ಕೆ ಊರಿಗೆ ಹೋದಾಗ ಹತ್ತು ನಿಮಿಷ ಕೂತು ಆ ಅನುಮತಿ ತೆಗೆಯಿರಿ, ಅಪ್‌ಡೇಟ್ ಹಾಕಿ. ದುಡ್ಡು ಹೋದ ಕೂಡಲೇ ಕರೆ ಮಾಡೋಕೆ 1930 ಸೇವ್ ಮಾಡಿಕೊಡಿ. ಬುದ್ಧಿವಾದ ಆಮೇಲೆ.