ಹೆಣಿಗೆ ಮೂಲೆ: ಉಳಿದ ದಾರದಲ್ಲೊಂದು ಬೇಸಿಗೆ ಅಂಗಿ



ಜಗಳೂರು ತಾಲ್ಲೂಕಿನ ಸೊಕ್ಕೆಯಿಂದ ಓದುಗರೊಬ್ಬರು ಬರೆದಿದ್ದಾರೆ: "ಅಕ್ಕಾ, ಮೇಜಿನ ಹೊದಿಕೆ ಹೆಣೆಯೋಣ ಅಂತ ಕೂಡಿಸಿಟ್ಟ ಹತ್ತಿ ದಾರ ಐತಿ. ಬಿಳಿ 90 ಗ್ರಾಂ, ನೀಲಿ 50, ಹಳದಿ 30. ಒಂಬತ್ತು ವರ್ಷದ ಮಗಳಿಗೆ ಬೇಸಿಗೆ ಅಂಗಿ ಆಗುತ್ತಾ? ಅವಳು ಹಾಕೋದೆಲ್ಲಾ ದೊಡ್ಡಪ್ಪನ ಮಗಳು ಬಿಟ್ಟ ಬಟ್ಟೆ. ಇದೊಂದಾದರೂ ಅವಳದ್ದೇ ಆಗಲಿ. ಅರ್ಧಕ್ಕೆ ದಾರ ಮುಗಿದರೆ ಮನೆಯವರೆಲ್ಲ ನಗ್ತಾರೆ."

ಅಂಜಿಕೆ ಸಹಜವೇ. ಅದೇ ಬಣ್ಣ ಹುಡುಕಿಕೊಂಡು ದಾವಣಗೆರೆಗೆ ಹೋದರೂ, ಬೇರೆ ಸಲ ಬಣ್ಣ ಹಾಕಿದ ದಾರ ಒಂದಿಷ್ಟು ಬೇರೆಯಾಗಿಯೇ ಕಾಣುತ್ತದೆ. ಆದ್ದರಿಂದ ಕಡ್ಡಿ ಹಿಡಿಯುವ ಮೊದಲು ಪೆನ್ಸಿಲ್ ಹಿಡಿಯೋಣ.

ದಾರ ಹತ್ತಿಯದೇ ತಾನೆ? ಉಲ್ಲನ್ ಎಂದು ಅಂಗಡಿಯಲ್ಲಿ ಕೊಡುವುದು ಎಷ್ಟೋ ಸಲ ಅಕ್ರಿಲಿಕ್ ಆಗಿರುತ್ತದೆ. ಅದು ಬೆವರು ಹೀರುವುದಿಲ್ಲ, ಮೈ ತುರಿಸುತ್ತದೆ. ಒಂದು ತುಂಡು ದಾರದ ತುದಿಗೆ ಬೆಂಕಿ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ ಬಂದು ಬೂದಿಯಾಗುತ್ತದೆ. ಅಕ್ರಿಲಿಕ್ ಕರಗಿ ಗಟ್ಟಿ ಮಣಿಯಾಗುತ್ತದೆ.

ಈಗ ಮಾದರಿ ಚೂರು. 8ನೇ ನಂಬರಿನ ಕಡ್ಡಿಯಲ್ಲಿ 30 ಕುಣಿಕೆ ಹಾಕಿ, 10 ಸೆಂ.ಮೀ. ಎತ್ತರ ಹೆಣೆದು ಮುಚ್ಚಿ. (ದಾರ ಸಣ್ಣದಾದರೆ ಎರಡು ಮೂರು ಎಳೆ ಕೂಡಿಸಿಕೊಳ್ಳಿ.) ಒಗೆದು ಒಣಗಿಸಿ ಆಮೇಲೆ ಅಳೆಯಿರಿ, ಹತ್ತಿ ಒಗೆದಾಗ ಕುಗ್ಗುವುದುಂಟು. ಅಗಲ 15 ಸೆಂ.ಮೀ. ಬಂದರೆ 10 ಸೆಂ.ಮೀ.ಗೆ 20 ಕುಣಿಕೆ ಎಂದಾಯಿತು. ಇನ್ನು ತೂಕ. ಅಡುಗೆಮನೆ ತಕ್ಕಡಿ ಇಷ್ಟು ಹಗುರವನ್ನು ಹೇಳಲಾರದು. ಅಕ್ಕಸಾಲಿಗರ ತಕ್ಕಡಿಯಲ್ಲಿ ಇಡಿಸಿ, ನಾಚಿಕೆ ಬೇಡ! ಏಳೂವರೆ ಗ್ರಾಂ ತೂಗಿದರೆ, 10 ಸೆಂ.ಮೀ. ಚೌಕಕ್ಕೆ 5 ಗ್ರಾಂ ಬಿತ್ತು.

ಮಗುವಿನ ಎದೆ ಸುತ್ತಳತೆ 64 ಸೆಂ.ಮೀ. ಎಂದಿಟ್ಟುಕೊಳ್ಳಿ. ಗಾಳಿಯಾಡಲು 6 ಸೇರಿಸಿದರೆ 70. ಅಂದರೆ ಹಿಂದೆ ಮುಂದೆ ತಲಾ 35 ಅಗಲ. ಉದ್ದ 40. ಒಂದೊಂದು ಪಾಲಿಗೆ 14 ಚೌಕ, 70 ಗ್ರಾಂ, ಎರಡಕ್ಕೆ 140. ನಿಮ್ಮಲ್ಲಿರುವುದು 170. ಅಂಚಿಗೆ, ಹೊಲಿಯಲಿಕ್ಕೆ 30 ಗ್ರಾಂ ಕೈಯಲ್ಲುಳಿಯಿತು. ಆಗುತ್ತದೆ ಸೋದರಿ, ಧೈರ್ಯವಾಗಿ ಶುರು ಮಾಡಿ.

ಆದರೆ ಮೂರೂ ಬಣ್ಣವನ್ನು ಮೊದಲೇ ತೂಗಿ ಪಾಲು ಮಾಡಿಡಿ. ಒಂದೊಂದು ಪಾಲಿಗೆ ನೀಲಿ 18, ಹಳದಿ 10, ಬಿಳಿ 42 ಗ್ರಾಂ. ಹಿಂಭಾಗವೇ ಎಲ್ಲಾ ನುಂಗಿಬಿಟ್ಟರೆ ಮುಂಭಾಗಕ್ಕೆ ಏನುಳಿದೀತು?

ಹೆಣೆಯುವ ಕ್ರಮ: ನೀಲಿಯಲ್ಲಿ 72 ಕುಣಿಕೆ ಹಾಕಿ (ಎರಡು ಹೊಲಿಗೆಯ ಅಂಚಿಗೆ). ಮೊದಲ 6 ಸಾಲು ಎರಡೂ ಕಡೆ ಸೀದಾ ಹೆಣೆಯಿರಿ, ಅಂಚು ಮಡಚಿಕೊಳ್ಳುವುದಿಲ್ಲ. ಮುಂದೆ ಒಂದು ಸಾಲು ಸೀದಾ, ಒಂದು ಉಲ್ಟಾ. ಸುಮಾರು 10 ಸೆಂ.ಮೀ. ನೀಲಿ, ಐದೂವರೆ ಹಳದಿ, ಮೇಲೆಲ್ಲ ಬಿಳಿ. 26 ಸೆಂ.ಮೀ.ಗೆ ಕಂಕುಳಿಗಾಗಿ ಎರಡೂ ಬದಿ ಆರಾರು ಕುಣಿಕೆ ಮುಚ್ಚಿ. 60 ಉಳಿಯುತ್ತವೆ. 32ಕ್ಕೆ ನಡುವಿನ 26 ಮುಚ್ಚಿ, ಒಂದೊಂದು ಭುಜದ 17 ಕುಣಿಕೆಯನ್ನು 40ರ ತನಕ ಹೆಣೆದು ಮುಗಿಸಿ. ಇನ್ನೊಂದು ಪಾಲೂ ಹೀಗೆಯೇ. ಹೊಲಿದ ಮೇಲೆ ಕತ್ತಿನ ಸುತ್ತ ಸುಮಾರು 58 ಸೆಂ.ಮೀ. ಬರುತ್ತದೆ. ಹತ್ತಿ ಉಣ್ಣೆಯಂತೆ ಹಿಗ್ಗುವುದಿಲ್ಲ, ಮಗಳ ತಲೆಯ ಸುತ್ತಳತೆ ಮೊದಲೇ ನೋಡಿಕೊಳ್ಳಿ.

ಕತ್ತು, ಕಂಕುಳಲ್ಲಿ ಬಿಟ್ಟ ಜಾಗದಿಂದ ಪಾಲೊಂದಕ್ಕೆ ಎಂಟೊಂಬತ್ತು ಗ್ರಾಂ ಉಳಿತಾಯ. ನಿಮ್ಮ ಕೈ ಬಿಗಿಯಾಗಿದ್ದು ಬಿಳಿ ಸಾಲದೆ ಬಂದರೂ ಗಾಬರಿ ಬೇಡ. ಎರಡೂ ಭುಜಗಳನ್ನು ಉಳಿದ ನೀಲಿಯಲ್ಲಿ ಮುಗಿಸಿ, ಕೆಳಗಿನ ನೀಲಿಗೆ ಜೋಡಿಯಾಗುತ್ತದೆ. ನೋಡಿದವರು ಹೀಗೇ ಯೋಚಿಸಿ ಮಾಡಿದ್ದು ಅಂದುಕೊಳ್ಳುತ್ತಾರೆ. ಕತ್ತು, ತೋಳಿನ ಅಂಚಿಗೆ ಕ್ರೋಶಾ ಕಡ್ಡಿಯಿಂದ ಒಂದು ಸುತ್ತು ಹಾಕಿ.

ನೀಲಿ ಬಣ್ಣ ಬಿಡುವುದೋ ಎಂದು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ಮೊದಲೇ ಪರೀಕ್ಷಿಸಿ. ಒಗೆದ ಅಂಗಿಯನ್ನು ಹಗ್ಗಕ್ಕೆ ನೇತುಹಾಕಬೇಡಿ. ನೀರು ಕುಡಿದ ಹತ್ತಿ ಭಾರ, ಅಂಗಿ ಮೊಣಕಾಲಿಗಿಳಿದೀತು. ಮಂಚದ ಮೇಲೆ ಟವೆಲ್ ಹಾಸಿ, ನೆರಳಲ್ಲಿ ಚಪ್ಪಟೆಯಾಗಿ ಒಣಗಿಸಿ.

ಹಳದಿ ಹತ್ತು ಗ್ರಾಂ ಇನ್ನೂ ಮಿಕ್ಕಿದೆಯಲ್ಲ? ಎದೆಯ ಮೇಲೆ ಮಗಳ ಹೆಸರಿನ ಮೊದಲ ಅಕ್ಷರ ಕಸೂತಿ ಹಾಕಿ. ಆಮೇಲೆ ಅದು ಯಾರದೆಂದು ಯಾರೂ ಕೇಳುವಂತಿಲ್ಲ. ಕೊನೆಗೆ ಎಷ್ಟು ದಾರ ಉಳಿಯಿತೆಂದು ಒಂದು ಕಾರ್ಡು ಬರೆಯಿರಿ, ಮರೆಯಬೇಡಿ.