ಹಗ್ಗ ಹಿಡಿದ ಕೈಗೂ ಹೆಸರಿರಲಿ

ನಮ್ಮಪ್ಪ ಬೆಂಗಳೂರಿನ ರೇಸ್ ಕುದುರೆಗಳ ಲಾಯವೊಂದರಲ್ಲಿ ಸೈಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಆಗಿದ್ದರು. ನಸುಕಿಗೇ ಎದ್ದು ಕುದುರೆಯ ಒಂದೊಂದೇ ಕಾಲನ್ನು ಅಂಗೈಯಿಂದ ಸವರಿ, ಎಲ್ಲಾದರೂ ಬಿಸಿಯಿದೆಯೇ, ಊತವಿದೆಯೇ ಎಂದು ನೋಡುತ್ತಿದ್ದರು. ಕುದುರೆ ಗೆದ್ದರೆ ಮರುದಿನದ ಪತ್ರಿಕೆಯಲ್ಲಿ ಮಾಲೀಕ, ತರಬೇತುದಾರ, ಜಾಕಿ ಮೂವರ ಹೆಸರೂ ಇರುತ್ತಿತ್ತು. ಅಪ್ಪನ ಹೆಸರು ಒಮ್ಮೆಯೂ ಬರಲಿಲ್ಲ.

ಹಾಗಾಗಿ ಅಮೆರಿಕದ ಸೆಕ್ರೆಟೇರಿಯಟ್ ಕುದುರೆಯ ಮಾತು ಬಂದರೆ ನನಗೆ ಮೊದಲು ನೆನಪಾಗುವುದು ಎಡ್ಡಿ ಸ್ವೆಟ್. ದಕ್ಷಿಣ ಕೆರೊಲಿನಾದ ಬಡ ಕಪ್ಪು ಕುಟುಂಬದಿಂದ ಬಂದ ಆತ ಅದರ ಸೈಸ್.

1973ರ ಕೆಂಟಕಿ ಡರ್ಬಿಯಲ್ಲಿ ಆ ಕುದುರೆ ಪ್ರತಿ ಕಾಲು ಮೈಲಿಯನ್ನೂ ಹಿಂದಿನದಕ್ಕಿಂತ ವೇಗವಾಗಿ ಓಡಿತು. ಜೂನ್ 9ರಂದು ಬೆಲ್ಮಾಂಟ್ ಓಟದ ಒಂದೂವರೆ ಮೈಲಿಯನ್ನು 2 ನಿಮಿಷ 24 ಸೆಕೆಂಡಿನಲ್ಲಿ ಮುಗಿಸಿ, 31 ಲೆಂಗ್ತ್ (ಕುದುರೆಯುದ್ದ) ಅಂತರದಿಂದ ಗೆದ್ದಿತು. 25 ವರ್ಷಗಳ ಬಳಿಕ ಅಮೆರಿಕಕ್ಕೆ ಒಂದೇ ವರ್ಷ ಮೂರು ದೊಡ್ಡ ಓಟಗಳನ್ನೂ ಗೆದ್ದ ತ್ರಿವಳಿ ಕಿರೀಟದ ಕುದುರೆ ಸಿಕ್ಕಿತು. ಅದರ ಜೀವಮಾನದಲ್ಲಿ ಒಟ್ಟು 21 ಓಟ, 16 ಗೆಲುವು.

ಅಂಥ ವೇಗ ಹುಟ್ಟಿನಿಂದ ಬಂದಿರಬಹುದು. ಆದರೆ ಓಟದ ದಿನ ಕುದುರೆ ನೋವಿಲ್ಲದೆ, ಬೆದರದೆ ನಿಲ್ಲುವುದು ದಿನವೂ ಮೈ ತಿಕ್ಕಿ, ಮೇವಿಟ್ಟು, ಮಾತನಾಡಿಸಿದವರಿಂದ. ಕೆಂಟಕಿಯ ಕಂಚಿನ ಪ್ರತಿಮೆಯೊಂದರಲ್ಲಿ ಸ್ವೆಟ್ ಕೂಡ ಕುದುರೆಯ ಜೊತೆಗಿದ್ದಾರೆ. ಆತ ತೀರಿಕೊಂಡಿದ್ದು 1998ರಲ್ಲಿ, ಬಡತನದಲ್ಲೇ.

ನಮ್ಮ ರೇಸ್‌ಕೋರ್ಸ್‌ಗಳಲ್ಲಿ ಪ್ರತಿಮೆ ಬೇಡ. ಗೆದ್ದ ಕುದುರೆಯ ಹೆಸರು ಕೂಗುವಾಗ ಸೈಸ್ ಹೆಸರನ್ನೂ ಕೂಗಲಿ. ಬಹುಮಾನದಲ್ಲಿ ನಿಗದಿತ ಪಾಲು ಅವರ ಕೈ ಸೇರಲಿ.